ಕೆಲಸ ಇಲ್ಲದೆ ಹುಬ್ಬಳ್ಳಿಗೆ ಹೋಗಿ ಬಂದೆ



ಹೋದ ಶನಿವಾರ ಬೆಳಿಗ್ಗೆ ಕಣಕುಂಬಿಯಲ್ಲಿ ಬಸ್ಸಿಗೆ ಕಾಯ್ತಾ ನಿಂತಿದ್ದೆ. ಕೈಯಲ್ಲಿ ಒಂದು ಚೀಲ, ಮೈಮೇಲೆ ಇಸ್ತ್ರಿ ಅಂಗಿ. ಗುರುತಿನವರು ನಾಲ್ಕು ಮಂದಿ ಸಿಕ್ಕರು, ನಾಲ್ಕೂ ಮಂದಿ ಕೇಳಿದ್ದು ಒಂದೇ ಮಾತು. "ಏನ್ ಕೆಲಸಕ್ಕ ಹೊಂಟಿ?"

"ಕೆಲಸ ಏನಿಲ್ಲ, ಹುಬ್ಬಳ್ಯಾಗ ದೋಸ್ತ ಅದಾನ, ಎರಡು ದಿನ ಇದ್ದು ಬರತೇನಿ" ಅಂದೆ.

ಒಬ್ಬರೂ ನಂಬಲಿಲ್ಲ. ಒಬ್ಬ ಹತ್ತಿರ ಬಂದು ಸಣ್ಣ ದನಿಯಲ್ಲಿ "ದವಾಖಾನಿ ಏನರ?" ಅಂತ ಕೇಳಿದ. ಇನ್ನೊಬ್ಬ "ಜಾಗಾದ ವ್ಯವಹಾರ ಇರಬೇಕ ಬಿಡ" ಅಂತ ನಕ್ಕ. ಹೊಲ ಬಿಟ್ಟು ಎರಡು ದಿನ ಸುಮ್ಮನೆ ಗೆಳೆಯನ ಮನೆಗೆ ಹೋಗ್ತಾನ ಅಂದ್ರ ನಮ್ಮ ಕಡೆ ಅದು ನಂಬೋ ಮಾತಲ್ಲ.

ತಪ್ಪು ಅವರದಲ್ಲ. ನಾನೂ ಹಂಗೇ ಇದ್ದವನು. ನಾವು ರೈತರು ಪಟ್ಟಣಕ್ಕೆ ಹೋಗೋದು ಯಾವಾಗ? ಉತಾರ ತೆಗೆಸಾಕ ಖಾನಾಪುರ. ಆಸ್ಪತ್ರೆ, ಕೋರ್ಟು, ಪಂಪಿನ ಸಾಮಾನು ಅಂದ್ರ ಬೆಳಗಾವಿ. ಮೊದಲ ಬಸ್ಸಿಗೆ ಹೋಗಿ ಕಡೇ ಬಸ್ಸಿಗೆ ಬರೋದು. ಪಟ್ಟಣದಾಗ ನಾವು ನೋಡಿದ್ದು ಏನು ಅಂದ್ರ ಕೌಂಟರ್, ಕಿಟಕಿ, ಸರದಿ. ಅದಕ್ಕೇ ಪಟ್ಟಣದ ಮಂದಿ ಅಂದ ಕೂಡಲೇ ಕಿಟಕಿ ಆಚೆ ಕೂತು "ನಾಳೆ ಬರ್ರಿ" ಅನ್ನೋ ಮುಖವೇ ನಮ್ಮ ಕಣ್ಣಿಗೆ ಬರ್ತದೆ.

ಇವತ್ತು ನಾನು ಹೇಳಬೇಕಂತಿರೋದು ಇಷ್ಟೇ. ವರ್ಷಕ್ಕೊಮ್ಮೆಯಾದರೂ ನಾವು ಕೆಲಸ ಇಲ್ಲದೆ ಪಟ್ಟಣಕ್ಕೆ ಹೋಗಬೇಕು. ಗೆಳೆಯನ ಮನೆಯಲ್ಲಿ ಎರಡು ರಾತ್ರಿ ಮಲಗಬೇಕು. ಅದರಲ್ಲೂ ಯಾರ ಜೊತೆ ಮಾತು ಕೆಟ್ಟಿದೆಯೋ ಆ ಗೆಳೆಯನ ಮನೆಗೆ ಮೊದಲು ಹೋಗಬೇಕು. ಯಾಕೆ ಅಂತ ಹೇಳ್ತೇನೆ.

ಈ ದೋಸ್ತ ಮತ್ತು ನಾನು ಖಾನಾಪುರದಲ್ಲಿ ಒಂದೇ ಖೋಲಿಯಲ್ಲಿದ್ದು ಓದಿದವರು. ಇಬ್ಬರ ನಡುವೆ ಒಂದೇ ಟ್ರಂಕು, ಒಂದೇ ಕೊಡೆ. ಅವನೂ ಜಾಂಬೋಟಿ ಕಡೆಯವನೇ. ಓದು ಮುಗಿದ ಮೇಲೆ ನಾನು ಗದ್ದೆಗೆ ಬಂದೆ, ಅವನು ಹುಬ್ಬಳ್ಳಿಯಲ್ಲಿ ಗಾಡಿ ಬಿಡಿಭಾಗದ ಅಂಗಡಿಗೆ ಕೆಲಸಕ್ಕೆ ಸೇರಿದ. ಇಪ್ಪತ್ತೈದು ವರ್ಷ ಆಯ್ತು. ಹಬ್ಬಕ್ಕೆ, ಮದುವೆಗೆ ಬರ್ತಿದ್ದ. ವಾರಕ್ಕೊಮ್ಮೆ ಫೋನು ತಪ್ಪುತ್ತಿರಲಿಲ್ಲ.

2022ರ ಡಿಸೆಂಬರ್ ಕೊನೆಗೆ ನಮ್ಮ ಮಾತು ಕೆಟ್ಟಿತು. ಕಳಸಾ-ಬಂಡೂರಿ ಯೋಜನೆಯ ಹೊಸ ವರದಿಗೆ ಕೇಂದ್ರ ಜಲ ಆಯೋಗ ಒಪ್ಪಿಗೆ ಕೊಟ್ಟಿತು ಅಂತ ಸುದ್ದಿ ಬಂದ ದಿನ. ಅವನು ಪಟಾಕಿ ಚಿತ್ರ ಹಾಕಿ "ಅಂತೂ ನಮಗ ನೀರ ಬಂತು" ಅಂತ ಕಳಿಸಿದ. ನಾನು ಸುಮ್ಮನಿರಬೇಕಿತ್ತು. "ನಮ್ಮ ಕಾಡು ಕಡದು ನೀವು ಗಾಡಿ ತೊಳ್ಕೋರಿ" ಅಂತ ಬರೆದೆ. ಅವನು ಫೋನ್ ಮಾಡಿದ.

"ಅಷ್ಟ್ ಮಳಿ ಸುರೀತೈತಿ ನಿಮಗ, ಎಲ್ಲಾ ಹರದು ಸಮುದ್ರಕ್ಕ ಹೊಕ್ಕೈತಿ. ಒಂದಿಷ್ಟು ಈ ಕಡೆ ಬಂದ್ರ ನಿಮ್ಮ ಗಂಟೇನು ಹೊಕ್ಕೈತಿ?"

"ನೀ ಊರು ಬಿಟ್ಟಾಂವ. ನಿನಗ ಏನು ತಿಳಿತೈತಿ?"

ಇದು ನಾನು ಅಂದದ್ದು. ಹಿಂದಕ್ಕೆ ತಗೊಳ್ಳಕ್ಕೆ ಆಗದಂಥ ಮಾತು. ಆಮೇಲೆ ದೀಪಾವಳಿಗೆ ಒಂದು ದೀಪದ ಚಿತ್ರ, ಸಂಕ್ರಾಂತಿಗೆ ಒಂದು ಎಳ್ಳುಬೆಲ್ಲದ ಚಿತ್ರ. ಇಬ್ಬರೂ ಚಿತ್ರ ಕಳಿಸ್ತಾ ಇದ್ದೆವು, ಮಾತು ಇರಲಿಲ್ಲ.

ಈ ನೀರಿನ ವಿಷಯ ನಮ್ಮ ಕಡೆಯವರಿಗೆ ಗೊತ್ತಿದ್ದದ್ದೇ. ಆದರೂ ಹೊಸ ಹುಡುಗರಿಗಾಗಿ ನಾಲ್ಕು ಸಾಲು. ಕಣಕುಂಬಿಯ ಗುಡ್ಡದ ಒಂದು ಮಗ್ಗಲಲ್ಲಿ, ಮಾವುಲಿ ದೇವಿ ಗುಡಿ ಹತ್ತಿರ ಮಲಪ್ರಭೆ ಹುಟ್ಟಿ ಪೂರ್ವಕ್ಕೆ ಹರೀತಾಳ. ಖಾನಾಪುರ, ಎಂ.ಕೆ. ಹುಬ್ಬಳ್ಳಿ ದಾಟಿ ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟು ತುಂಬಿ, 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರ್ತಾಳ. ಇನ್ನೊಂದು ಮಗ್ಗಲಲ್ಲಿ ಬಿದ್ದ ಮಳೆ ಕಳಸಾ ಹಳ್ಳವಾಗಿ ಮಹದಾಯಿ ಸೇರಿ ಗೋವಾ ಕಡೆ ಹೋಗ್ತದೆ. ಒಂದೇ ಮೋಡ, ಎರಡು ಸಮುದ್ರ. ಆ ಕಡೆಯ ನೀರಲ್ಲಿ ಒಂದಿಷ್ಟನ್ನು ಈ ಕಡೆ ತಿರುಗಿಸಿ ಮಲಪ್ರಭೆಗೆ ಹಾಕೋದೇ ಯೋಜನೆ. 2006ರಲ್ಲಿ ಕಾಲುವೆ ಅಗೆಯೋಕೆ ಶುರು ಮಾಡಿದರು. ಕರ್ನಾಟಕ ಕೇಳಿದ್ದು 7.56 ಟಿಎಂಸಿ. 2018ರ ಆಗಸ್ಟ್ 14ರಂದು ನ್ಯಾಯಮಂಡಳಿ ಕಳಸಾಕ್ಕೆ 1.72, ಬಂಡೂರಿಗೆ 2.18, ಒಟ್ಟು 3.9 ಟಿಎಂಸಿ ತಿರುಗಿಸಿಕೊಳ್ಳಿ ಅಂತ ಹೇಳಿತು. 2020ರ ಫೆಬ್ರುವರಿಯಲ್ಲಿ ಅದು ಗೆಜೆಟ್ ಆಯಿತು. ಮೂರೂ ರಾಜ್ಯದವರು ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ. ಗೋವಾದವರು ಕಾಡು ಮತ್ತು ವನ್ಯಜೀವಿ ಒಪ್ಪಿಗೆ ವಿಷಯ ಹಿಡಿದು ನಿಂತಿದ್ದಾರೆ.

ಇಷ್ಟು ದೊಡ್ಡ ಜಗಳದ ನಡುವೆ ಇಬ್ಬರು ಮಧ್ಯವಯಸ್ಸಿನ ಗಂಡಸರ ದೋಸ್ತಿ ಯಾರ ಲೆಕ್ಕಕ್ಕೆ ಬರ್ತದೆ?

ಈ ಸಲ ಗೋಡಂಬಿ ಮುಗಿದಿತ್ತು. ಗೊಬ್ಬರ ಗದ್ದೆಗೆ ಹೋಗಿತ್ತು. ಮಿರಗಕ್ಕೆ ಇನ್ನೂ ದಿನ ಇತ್ತು. ಒಂದು ದಿನ ಸಂಜೆ ಫೋನ್ ಮಾಡಿ "ಶನಿವಾರ ಬರಲೇನು?" ಅಂದೆ. ಆ ಕಡೆ ಸ್ವಲ್ಪ ಹೊತ್ತು ದನಿ ಇಲ್ಲ. ಆಮೇಲೆ "ಏನ್ ಕೆಲಸ ಐತಿ?" ಅಂದ. ಅವನೂ ಅದೇ ಕೇಳಿದ ನೋಡ್ರಿ.

ಪೂರ್ತಿ ಸತ್ಯ ಹೇಳಬೇಕಂದ್ರ, ಕೆಲಸ ಒಂದಿತ್ತು. ಮಗ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದಾನ. ಹೊರಡುವಾಗ ಮನೆಯವಳು ಚೀಲಕ್ಕೆ ಜಾಂಬೋಟಿ ಖವಾ, ಹಲಸಿನ ಹಪ್ಪಳ, ಮುರುಗಲ ಸಿಪ್ಪೆ ತುಂಬಿ, "ಸಮಯ ನೋಡಿ ಹುಡುಗನ ವಿಷಯ ಒಂದ ಮಾತ ಕೇಳ್ರಿ" ಅಂದಿದ್ದಳು. ಬಸ್ಸಿನಲ್ಲಿ ಕೂತು ಚೋರ್ಲಾ ರಸ್ತೆಯ ಗುಂಡಿ ಎಣಿಸ್ತಾ ಅದನ್ನೇ ವಿಚಾರ ಮಾಡಿದೆ. ಕೇಳೋದಿದ್ರ ಆ ಖವಾ ಕೂಡ ಲಂಚದ ಲೆಕ್ಕಕ್ಕೆ ಬರ್ತದೆ. ಜಾಂಬೋಟಿ ಬರೋದರೊಳಗೆ ಕೇಳೋದಿಲ್ಲ ಅಂತ ಗಟ್ಟಿ ಮಾಡಿಕೊಂಡೆ.

ಬೆಳಗಾವಿಯಲ್ಲಿ ಬಸ್ ಬದಲಿಸಿ ಹೈವೇ ಹಿಡಿದ ಮೇಲೆ ಎಂ.ಕೆ. ಹುಬ್ಬಳ್ಳಿ ಸೇತುವೆ ಬಂತು. ಕೆಳಗೆ ಮಲಪ್ರಭೆ. ಹೊಳೆಯೊಳಗೆ ಗಂಗಾಂಬಿಕೆಯ ಐಕ್ಯ ಮಂಟಪ. ಬೇಸಿಗೆ ಹೊಳೆ, ನೀರು ಕಡಿಮೆ. ಪಕ್ಕದಲ್ಲಿದ್ದವರು ಕೈ ಮುಗಿದರು, ನಾನೂ ಮುಗಿದೆ. ಮುಗಿದ ಮೇಲೆ ಒಂದು ವಿಚಾರ ಬಂತು. ಈ ಹೊಳೆ ನಮ್ಮೂರಲ್ಲಿ ನಾನು ಹಾರಿ ದಾಟುವಷ್ಟು ಸಣ್ಣದು. ನಾನು ಹೋಗ್ತಿರೋ ಮನೆಗೆ ಇದೇ ನೀರು ನವಿಲುತೀರ್ಥದಿಂದ ಮೇಲೆದ್ದು, ಅಮ್ಮಿನಭಾವಿಯಲ್ಲಿ ಶುದ್ಧವಾಗಿ ನಲ್ಲಿಗೆ ಬರ್ತದೆ. ಇಪ್ಪತ್ತೈದು ವರ್ಷದಿಂದ ಆ ಮನುಷ್ಯ ನನ್ನ ಗದ್ದೆ ಬದುವಿನ ನೀರು ಕುಡೀತಿದ್ದಾನ. ನಾನು ಅವನಿಗೆ "ನಿನಗ ಏನು ತಿಳಿತೈತಿ" ಅಂದಿದ್ದೆ.

ಮನೆ ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ. ಬಾಗಿಲಲ್ಲೇ ನಿಂತಿದ್ದ. ಕೂದಲು ಬೆಳ್ಳಗಾಗಿತ್ತು. ಇಬ್ಬರೂ ಏನು ಮಾತಾಡಬೇಕು ತಿಳಿಯದೆ ಬಸ್ಸಿನ ಸುದ್ದಿ ಮಾತಾಡಿದೆವು.

ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಡ್ರಮ್ಮು. ಅಂಗಳದಲ್ಲಿ ನೀಲಿ ಡ್ರಮ್ ನಾಲ್ಕು, ಅಡುಗೆ ಮನೆಯಲ್ಲಿ ಎರಡು, ಮಂಚದ ಕೆಳಗೆ ಬಿಂದಿಗೆ ಸಾಲು, ಮೆಟ್ಟಿಲ ಸಂದಿಯಲ್ಲಿ ಡಬ್ಬ, ಕ್ಯಾನು. ನಮ್ಮ ಮನೆಯಲ್ಲಿ ಭತ್ತ ಇಟ್ಟಂಗೆ ಅವರು ನೀರು ಇಟ್ಟಿದ್ದರು. ಗೋಡೆ ಕ್ಯಾಲೆಂಡರಿನಲ್ಲಿ ನಾವು ಅಮಾಸಿ, ಹುಣ್ಣಿಮೆ, ನಕ್ಷತ್ರ ನೋಡ್ತೇವೆ. ಅಲ್ಲಿ ನೀರು ಬಂದ ದಿನಕ್ಕೆ ಪೆನ್ನಿನಿಂದ ಗುಂಡು ಹಾಕಿದ್ದರು. ಗುಂಡಿನಿಂದ ಗುಂಡಿಗೆ ಏಳು ಮನೆ, ಒಂದು ಕಡೆ ಎಂಟು ಮನೆ.

ಇದನ್ನು ನಾನು ಆಮೇಲೆ ಎಣಿಸಿದ್ದು. ಮೊದಲೇ ಎಣಿಸಿದ್ದರೆ ಸಂಜೆ ಆ ತಪ್ಪು ಮಾಡ್ತಿರಲಿಲ್ಲ. ಧೂಳು, ಬೆವರು ಅಂತ ಸ್ನಾನಕ್ಕೆ ಹೋದವನು ಎರಡು ಬಕೆಟ್ ಮೈಮೇಲೆ ಸುರಿದುಕೊಂಡು, ಮೂರನೇದಕ್ಕೆ ಡ್ರಮ್ಮಿನಲ್ಲಿ ತಂಬಿಗೆ ಹಾಕಿದಾಗ ತಳ ಕೆರೆದ ಸಪ್ಪಳ ಬಂತು. ಹೊರಗೆ ಬಂದಾಗ ಯಾರೂ ಏನೂ ಅನ್ನಲಿಲ್ಲ. ಅವನ ಮಗಳು ನಕ್ಕು "ಕಾಕಾ, ಬಿಸಿ ನೀರ ಬೇಕಾಗಿತ್ತೇನ್ರಿ?" ಅಂತ ಮಾತ್ರ ಕೇಳಿದಳು. ರಾತ್ರಿ ಊಟ ಆದ ಮೇಲೆ ದೋಸ್ತನ ಹೆಂಡತಿ ತಾಟು ತೊಳೆಯೋದನ್ನು ನೋಡಿದೆ. ಒಂದು ಬೋಗುಣಿ ನೀರಲ್ಲಿ ಆರು ಮಂದಿಯ ತಾಟು. ಆ ನೀರನ್ನೂ ಚೆಲ್ಲದೆ ಪಾಯಖಾನೆ ಬಕೆಟ್ಟಿಗೆ ಸುರಿದಳು. ಅವತ್ತು ಏಳನೇ ದಿನ. ನಾಚಿಕೆ ಆಯ್ತು ನನಗೆ.

ರಾತ್ರಿ ಎರಡೂವರೆ ಸುಮಾರಿಗೆ ಫೋನ್ ಗುಣುಗುಟ್ಟಿತು. ಓಣಿಯ ಗುಂಪಿನಲ್ಲಿ ಒಂದೇ ಶಬ್ದ: "ಬಂತು." ಇಡೀ ಓಣಿ ಎದ್ದಿತು. ಹೊರಗೆ ಲೈಟು, ಬಕೆಟ್ಟಿನ ಸಪ್ಪಳ, ಮೋಟಾರಿನ ಸಪ್ಪಳ. ನಮ್ಮ ಕಡೆ ರಾತ್ರಿ ಇಷ್ಟು ಮಂದಿ ಏಳೋದು ಕಾಡುಕೋಣ ಗದ್ದೆಗೆ ಇಳಿದಾಗ ಮಾತ್ರ. ಮೊದಲು ಕೆಂಪಾಗಿ ಬಂತು, ಅದನ್ನು ಗಿಡಕ್ಕೆ ಬಿಟ್ಟರು. ತಿಳಿಯಾದ ಮೇಲೆ ಪೈಪು ಡ್ರಮ್ಮಿಗೆ ಹೋಯ್ತು. ನಾನು ಬಿಂದಿಗೆ ಹೊತ್ತೆ. ಪಕ್ಕದ ಮನೆಯ ಮುದುಕಿಗೆ ಎತ್ತಾಕ ಆಗೋದಿಲ್ಲ ಅಂತ ಅವರ ಮನೆಗೂ ಎರಡು ಡ್ರಮ್ ತುಂಬಿದೆವು. ಒಂದೂವರೆ ತಾಸು. ನಡುವೆ ದೋಸ್ತ ಪೈಪು ನನ್ನ ಕೈಗೆ ಕೊಟ್ಟು ಅಂದ:

"ಹಿಡಿ, ನಿನ್ನ ಬದುವಿನ ನೀರ ಬಂತ. ನೀನ ತುಂಬಿಸ್ಕೊ."

ನಗು ಬಂತು. ಎರಡು ವರ್ಷಕ್ಕೂ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕಿದ್ದು ಅವತ್ತೇ.

ನಿದ್ದಿ ಹಾರಿ ಹೋಗಿತ್ತು. ಮಾಳಿಗೆ ಮೇಲೆ ಕೂತೆವು, ಚಹಾ ಬಂತು. ಅವನೇ ಸುರು ಮಾಡಿದ.

"ಅವತ್ತ ನಾ ಪಟಾಕಿ ಹಾಕಿದ್ದು ನಿಮ್ಮ ಕಾಡು ಹೊಕ್ಕೈತಿ ಅಂತ ಅಲ್ಲಪಾ. ಇಕಿ ಮದುವಿ ಆಗಿ ಬಂದಾಗಿಂದ ರಾತ್ರಿ ಎದ್ದು ನೀರ ಕಾಯತಾಳ. ಮಗಳು ಪರೀಕ್ಷಾ ದಿನಾನೂ ಎದ್ದ ಕೊಡ ಹಿಡದಾಳ. ಇನ್ನ ಅದು ತಪ್ಪತೈತಿ ಅಂತ ಅನಿಸಿತ್ತು."

ನಾನು ನಮ್ಮೂರ ಮಾತು ಹೇಳಿದೆ. ಮಳೆಗಾಲದಲ್ಲಿ ಕೊಡೆ ತಿರುವಿ ಹಾಕುವಂಥ ಮಳೆ. ಮಾರ್ಚಿಗೆ ಬಂದ್ರ ಅದೇ ಊರಲ್ಲಿ ಹೆಣ್ಣುಮಕ್ಕಳು ಕೊಡ ಹಿಡಿದು ಝರಿಗೆ ಹೋಗ್ತಾರ. ಜಂಬಿಟ್ಟಿಗೆ ನೆಲ, ನೀರು ನಿಲ್ಲೋದಿಲ್ಲ. ಅಗೆದ ಮೇಲೆ ಕೆಲವು ಬಾವಿ ಮೊದಲಿಗಿಂತ ಬೇಗ ಬತ್ತತಾವ ಅಂತ ನಮ್ಮ ಹಿರಿಯರು ಹೇಳ್ತಾರ. ಗುಡ್ಡದ ಹೊಟ್ಟೆಯಲ್ಲಿ ಇದ್ದ ನೀರಿನ ದಾರಿ ತಪ್ಪಿದರೆ ಅದನ್ನು ಮತ್ತೆ ಕೂಡಿಸೋರು ಯಾರು? ನಮ್ಮ ಭಯ ಅದು.

ಅವನು ಬಾಯಿ ಬಿಟ್ಟು ಕೇಳಿದ. "ನಿಮ್ಮಲ್ಲೇ ಬ್ಯಾಸಗ್ಯಾಗ ನೀರಿಲ್ಲೇನು?" ಅಂದ. ಜಾಂಬೋಟಿ ಕಡೆಯವನಿಗೇ ಇದು ಮರೆತು ಹೋಗಿತ್ತು. ಯಾಕಂದ್ರ ಇಪ್ಪತ್ತೈದು ವರ್ಷದಲ್ಲಿ ಅವನು ಊರಿಗೆ ಬಂದದ್ದೆಲ್ಲ ಹಬ್ಬಕ್ಕೆ. ಹಬ್ಬದ ದಿನ ಮನೆಯವರು ನೀರು ತುಂಬಿಸಿ ಇಟ್ಟಿರ್ತಾರ. ನಾನು ಅವನ ಮನೆಗೆ ಬಂದದ್ದೆಲ್ಲ ಕೆಲಸಕ್ಕೆ. ಕೆಲಸದ ದಿನ ಒಂದು ಚಹಾ ಕುಡಿದು ಎದ್ದು ಹೋಗಿರ್ತೇನೆ. ಇಬ್ಬರೂ ಒಬ್ಬರ ಮನೆಯನ್ನು ಒಬ್ಬರು ನೋಡೇ ಇರಲಿಲ್ಲ.

ರವಿವಾರ ತಿರುಗಾಡಿದೆವು. ಸಿದ್ಧಾರೂಢ ಮಠಕ್ಕೆ ಹೋಗಿ ಕೈ ಮುಗಿದು, ರೈಲ್ವೆ ನಿಲ್ದಾಣದಲ್ಲಿ 1,507 ಮೀಟರಿನ ಪ್ಲಾಟ್‌ಫಾರಂ ನೋಡಿದೆವು. ಜಗತ್ತಿಗೇ ಉದ್ದದ್ದು, 2023ರಲ್ಲಿ ಉದ್ಘಾಟನೆ ಆದದ್ದು. ಈ ತುದಿಯಿಂದ ಆ ತುದಿಗೆ ನಡೆದು "ನಮ್ಮ ಗದ್ದೆ ಇಷ್ಟು ಉದ್ದ ಇದ್ದಿದ್ರ" ಅಂತ ನಕ್ಕೆವು. ದುರ್ಗದ ಬೈಲಿನಲ್ಲಿ ಗಿರ್ಮಿಟ್, ಮಿರ್ಚಿ. ಸಂಜೆ ಉಣಕಲ್ ಕೆರೆ ದಂಡೆಗೆ ಹೋಗಿ ಕೂತೆವು.

ಅಲ್ಲಿ ಕೂತು ಇಬ್ಬರೂ ಫೋನಿನಲ್ಲಿ ಲೆಕ್ಕ ಹಾಕಿದೆವು. ಅದನ್ನು ನಿಮಗೂ ಹೇಳಬೇಕು, ಯಾಕಂದ್ರ ನಾವು ಟಿಎಂಸಿ ಟಿಎಂಸಿ ಅಂತ ಕೂಗ್ತೇವೆ, ಅದು ಎಷ್ಟು ಬಿಂದಿಗೆ ಅಂತ ಯಾರೂ ನೋಡೋದಿಲ್ಲ. ಒಂದು ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ, ಅಂದ್ರ ಹತ್ತಿರ ಹತ್ತಿರ 2,832 ಕೋಟಿ ಲೀಟರ್. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ ಒಂಬತ್ತೂವರೆ ಲಕ್ಷದ ಹತ್ತಿರ. ಈಗ ಹೆಚ್ಚಾಗಿರ್ತದೆ, ಲೆಕ್ಕಕ್ಕೆ ಹತ್ತು ಲಕ್ಷ ಹಿಡಿದೆವು. ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಬೇಕು ಅನ್ನೋದು ಸರಕಾರದ ಅಳತೆ. ಹತ್ತು ಲಕ್ಷಕ್ಕೆ ದಿನಕ್ಕೆ 13.5 ಕೋಟಿ ಲೀಟರ್. ವರ್ಷಕ್ಕೆ ಸುಮಾರು 4,930 ಕೋಟಿ ಲೀಟರ್. ಟಿಎಂಸಿಗೆ ತಂದರೆ ಒಂದೂಮುಕ್ಕಾಲಿಗೆ ಒಂದು ಕೂದಲು ಕಡಿಮೆ, 1.74.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕಳಸಾಕ್ಕೆ ಕೊಟ್ಟದ್ದು 1.72. ನವಿಲುತೀರ್ಥದ ಅಣೆಕಟ್ಟು ತುಂಬಿದರೆ ಹಿಡಿಯೋದು 37.73.

ನಾನು ಕೂಡಲೇ ಅಂದೆ, "ನೋಡ, ಅಣೆಕಟ್ಟಿನ ನೀರಾಗ ನಿಮ್ಮ ಊರಿಗೆ ಬೇಕಾಗಿದ್ದು ಇಪ್ಪತ್ತರಾಗ ಒಂದ ಪಾಲು. ನೀರ ಕಮ್ಮಿ ಆಗಿ ನೀ ಎಂಟ ದಿನ ಕಾಯಕತ್ತಿದ್ದಲ್ಲ, ಪೈಪು, ಟಾಕಿ, ಹಂಚೋದು ಸರಿ ಇಲ್ಲ. ಇದೇ ಊರಾಗ ಕೆಲವು ವಾರ್ಡಿಗೆ 2008ರಿಂದ ಇಪ್ಪತ್ನಾಲ್ಕು ತಾಸು ನೀರ ಬರತೈತಿ ಅಂತಾರಲ್ಲ, ಅದೂ ಇದೇ ಹೊಳಿ ನೀರು."

ಅವನು ಬಿಡಲಿಲ್ಲ. "ಅಣೆಕಟ್ಟು ವರ್ಷಾ ತುಂಬತೈತೇನು? ಅದು ಕಟ್ಟಿದ್ದು ನಮಗಲ್ಲ, ರೈತರಿಗೆ. ಸವದತ್ತಿ, ನರಗುಂದ, ನವಲಗುಂದದ ಹೊಲ ಅದನ್ನ ನಂಬ್ಯಾವ. ಬರ ಬಿದ್ದಾಗ ಕುಡ್ಯಾಕ ಮೊದಲು ಅಂತ ನಮಗ ಇಟ್ಟರ ಕಾಲುವಿ ಬಂದ್. ಆಗ ನಿನ್ನಂಥಾ ರೈತನ ಹೊಟ್ಟಿ ಮ್ಯಾಲೆ ಹೊಡತ. 2016ರಾಗ ಬೀದಿಗೆ ಬಂದು ಲಾಠಿ ತಿಂದವರು ರೈತರಲ್ಲೇನು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 1980ರಲ್ಲಿ ನರಗುಂದದಲ್ಲಿ ಗುಂಡೇಟು ತಿಂದವರೂ ಇದೇ ಮಲಪ್ರಭೆ ಅಚ್ಚುಕಟ್ಟಿನ ರೈತರು. ನಾನು ಮೇಲಿನ ರೈತ, ಅವರು ಕೆಳಗಿನ ರೈತರು. ನಮ್ಮ ನಡುವೆ ದೋಸ್ತನ ಮನೆಯ ನೀಲಿ ಡ್ರಮ್ಮು. ಟೀವಿಯಲ್ಲಿ ನೋಡಿದಾಗ ಇದು ಕರ್ನಾಟಕ-ಗೋವಾ ಜಗಳ. ಕೆರೆ ದಂಡೆ ಮೇಲೆ ಕೂತು ನೋಡಿದಾಗ ಅಷ್ಟು ಸಸಾರ ಇಲ್ಲ.

ಅವನ ಕಡೆಯದ್ದು ನಾನು ಒಪ್ಪಿದ್ದು ಏನು ಅಂದ್ರ, ಕೆಳಗಿನವರ ನೀರಡಿಕೆ ಸುಳ್ಳಲ್ಲ, ಅದು ಗಾಡಿ ತೊಳೆಯೋ ಶೋಕಿ ಅಲ್ಲ. ನನ್ನ ಕಡೆಯದ್ದು ಅವನು ಒಪ್ಪಿದ್ದು, ಸೋರುವ ಪೈಪು ಹಾಗೇ ಇಟ್ಟು ಗುಡ್ಡ ಅಗೆದರೆ ತೂತು ಬಿಂದಿಗೆಗೆ ನೀರು ತುಂಬಿದಂಗೆ. ಮೊದಲು ಊರೊಳಗಿನ ಹಂಚಿಕೆ ಸರಿ ಆಗಬೇಕು. ಗುಡ್ಡಕ್ಕೆ ಕೈ ಹಾಕುವುದೇ ಆದರೆ ಮೇಲಿನ ಊರುಗಳ ಬಾವಿಗೆ, ಝರಿಗೆ ಬರಹದಲ್ಲಿ ಖಾತ್ರಿ ಕೊಡಬೇಕು. ಹುಟ್ಟೋ ಊರಿಗೇ ಕುಡಿಯಾಕ ನೀರಿಲ್ಲ ಅನ್ನೋ ಗತಿ ಬರಬಾರದು. ನಾನು ಈಗಲೂ ಆ ಕಾಲುವೆಯನ್ನು ಅನುಮಾನದಿಂದಲೇ ನೋಡ್ತೇನೆ. ಅವನು ಈಗಲೂ ಆಸೆಯಿಂದಲೇ ನೋಡ್ತಾನೆ. ಆದರೆ ಜಗಳ ಹೋಗಿ ಲೆಕ್ಕ ಬಂತು. ಇದು ಫೋನಿನಲ್ಲಿ ಆಗ್ತಿರಲಿಲ್ಲ. ಬಿಂದಿಗೆ ಹೊತ್ತ ಭುಜ ನೋಯ್ತಿದ್ದದ್ದಕ್ಕೇ ಆಯ್ತು.

ಒಂದು ಮಾತು ನಮ್ಮ ಮೇಲೂ ಹೇಳಿಕೊಳ್ಳಬೇಕು. "ಕಾಡು ನಮ್ಮದು, ನೀರು ನಮ್ಮದು" ಅಂತ ನಾವು ಎದೆ ತಟ್ಟಿಕೊಳ್ತೇವೆ. ಗೋಡಂಬಿ ಹಚ್ಚಾಕ ಗುಡ್ಡದ ನೆತ್ತಿ ಬೋಳಿಸಿದವರು ಯಾರು? ಗೋವಾ ಗಡಿ ಕಡೆ ರಿಸಾರ್ಟಿಗೆ ಜಾಗ ಕೊಡೋಕೆ ದಲ್ಲಾಳಿ ಹಿಂದೆ ಓಡಾಡಿದವರು ಯಾರು? ದೋಸ್ತ ಇದನ್ನು ಕೇಳಿದಾಗ ನಾನು ಕೆರೆ ಕಡೆ ಮುಖ ಮಾಡಿದೆ.

ಈಗ ನಿಮ್ಮ ಆಕ್ಷೇಪಣೆಗೆ ಬರ್ತೇನೆ. ನನಗೆ ಗೊತ್ತು ಏನಂತೀರಿ ಅಂತ.

ದನ ಯಾರು ನೋಡ್ತಾರ? ಇದು ಖರೇ ಪ್ರಶ್ನೆ. ನಾನು ಮುಯ್ಯಿ ಮಾಡಿಕೊಂಡೆ. ಪಕ್ಕದ ಮನೆಯವನು ಎರಡು ದಿನ ನನ್ನ ಎಮ್ಮೆ ಹಿಂಡಿದ, ಇನ್ನೊಂದು ವಾರ ಅವನು ಹೋಗ್ತಾನ, ನಾನು ಹಿಂಡ್ತೇನೆ. ನಾಟಿಗೆ ಮುಯ್ಯಿ ಮಾಡ್ತೇವೆ, ತಿರುಗಾಟಕ್ಕೆ ಯಾಕೆ ಮಾಡಬಾರದು? ಮನೆ ಹೆಣ್ಣುಮಕ್ಕಳಿಗೂ ಇದೇ ಮಾತು. ಗಂಡಸರು ದೋಸ್ತನ ಮನೆ ಅಂತ ಹೋಗಿ ಅವರ ಹೆಗಲಿಗೆ ದನ ಕಟ್ಟಿ ಬರೋದಾದರೆ ನನ್ನ ಮಾತಿಗೆ ಬೆಲೆ ಇಲ್ಲ. ಮುಂದಿನ ಸಲ ನಮ್ಮ ಮನೆಯವಳು ಅವಳ ಗೆಳತಿಯ ಊರಿಗೆ, ನಾನು ಕೊಟ್ಟಿಗೆಗೆ ಅಂತ ಮಾತಾಗಿದೆ.

ಖರ್ಚು? ಬಸ್ಸು, ಮಿರ್ಚಿ ಎಲ್ಲಾ ಸೇರಿ ಸಾವಿರದೊಳಗೆ ಆಯ್ತು. ಒಂದು ಕ್ರಿಮಿನಾಶಕದ ಬಾಟಲಿ ಬೆಲೆ. ಆ ಬಾಟಲಿ ಎಷ್ಟು ಸಲ ಸುಮ್ಮನೆ ಹೊಡೆದಿದ್ದೇವೆ ನೆನಪು ಮಾಡಿಕೊಳ್ರಿ.

ಅವರೇ ಬರಲಿ, ನಾವ್ಯಾಕೆ ಹೋಗಬೇಕು? ಬರ್ತಾರ. ಆದರೆ ಮೊದಲು ಹೋದವನ ಮಾತಿಗೆ ತೂಕ ಇರ್ತದೆ. ಮಾತು ಕೆಟ್ಟ ಕಡೆ ಯಾರೋ ಒಬ್ಬರು ಮೊದಲು ಬಸ್ ಹತ್ತಲೇಬೇಕು. ಹೊಲದ ಬದು ಒಡೆದಾಗ ಯಾರ ಕಡೆಯಿಂದ ಒಡೀತು ಅಂತ ನೋಡ್ತಾ ಕೂತರೆ ಎರಡೂ ಗದ್ದೆಯ ನೀರು ಹೋಗ್ತದೆ.

ಪಟ್ಟಣದ ಸಣ್ಣ ಮನೆಗೆ ಭಾರ ಆಗೋದಿಲ್ಲೇನು? ಆಗ್ತದೆ. ನಾನು ಎರಡು ಬಕೆಟ್ ಭಾರ ಆದೆ, ಮೇಲೆ ಹೇಳಿದೆನಲ್ಲ. ಅದಕ್ಕೇ ನಾಲ್ಕು ಮಾತು ನೆನಪಿಡ್ರಿ. ಎರಡು ರಾತ್ರಿಗಿಂತ ಹೆಚ್ಚು ಬೇಡ. ಮನೆಯಲ್ಲಿ ಬೆಳೆದದ್ದು ಒಯ್ರಿ, ಅಂಗಡಿಯ ಸ್ವೀಟ್ ಬಾಕ್ಸ್ ಬೇಡ. ಮೊದಲು ನೀರಿನ ದಿನ ಯಾವುದು ಅಂತ ಕೇಳ್ರಿ, ಆಮೇಲೆ ಸ್ನಾನಕ್ಕೆ ಹೋಗ್ರಿ. ಆ ಮನೆಯ ಒಂದು ಕೆಲಸಕ್ಕೆ ಕೈ ಹಚ್ಚರಿ, ನೋಡ್ತಾ ಕೂಡಬೇಡ್ರಿ. ಮತ್ತೆ ಏನೂ ಕೇಳಬೇಡ್ರಿ. ಸಾಲ, ಸಿಫಾರಸು, ನೌಕರಿ ಯಾವುದೂ ಬೇಡ. ಕೇಳೋದಿದ್ದರೆ ಬೇರೆ ದಿನ, ಕೆಲಸ ಅಂತ ಹೇಳಿಯೇ ಹೋಗ್ರಿ. ಎರಡನ್ನೂ ಕೂಡಿಸಿದರೆ ದೋಸ್ತಿ ಮತ್ತೆ ಕೌಂಟರಿನ ಕಿಟಕಿ ಆಗ್ತದೆ.

ಸೋಮವಾರ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಬಿಡಾಕ ಬಂದ. ಬಸ್ ಬಿಡೋ ತನಕ ಕಿಟಕಿ ಕೆಳಗೆ ನಿಂತಿದ್ದ. "ಜುಲೈದಾಗ ಬರತೇನಿ, ನಾಟಿ ಟೈಮಿಗೆ. ಹಬ್ಬಕ್ಕಲ್ಲ" ಅಂದ. "ಕೊಡಿ ನಡಿಯೂದಿಲ್ಲ, ರೇನ್‌ಕೋಟ್ ತಗೊಂಡ ಬಾ. ಇಂಬಳ ಹತ್ತತಾವ, ಸುಣ್ಣ ನಾ ಇಟ್ಟಿರತೇನಿ" ಅಂದೆ. ಅವನಿಗೆ ಏಪ್ರಿಲ್‌ಗೂ ಒಮ್ಮೆ ಬಾ ಅಂತ ಹೇಳಿದ್ದೇನೆ. ಮಳೆ ನೋಡಿದರೆ ಅರ್ಧ ಊರು ನೋಡಿದಂಗೆ, ಬತ್ತಿದ ಬಾವಿ ನೋಡಿದರೆ ಉಳಿದರ್ಧ.

ಮನೆಗೆ ಬಂದಾಗ ಸಂಜೆ. ಮನೆಯವಳು "ಕೇಳಿದಿರೇನು?" ಅಂದಳು. "ಇಲ್ಲ" ಅಂದೆ. ಅವಳು ಏನೂ ಅನ್ನಲಿಲ್ಲ, ಅವಳ ಮುಖ ಸಪ್ಪಗಾದದ್ದು ನನಗೆ ಕಂಡಿತು. ಮಗನ ಚಿಂತೆ ಇನ್ನೂ ಮನೆಯಲ್ಲೇ ಇದೆ, ಅದಕ್ಕೆ ಬೇರೆ ದಾರಿ ಹುಡುಕಬೇಕು. ಆದರೆ ಕೇಳದೆ ಬಂದದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ.

ಕಾಲು ತೊಳೆಯಾಕ ಅಂಗಳದಲ್ಲಿ ಕೊಡ ತುಂಬಿಸಿ ಇಟ್ಟಿದ್ದಳು. ಅರ್ಧ ಕೊಡ ಸಾಕಾಯ್ತು. ಉಳಿದದ್ದನ್ನು ಒಳಗೆ ಒಯ್ದು ಇಟ್ಟೆ.

ಮಿರಗಕ್ಕೆ ಇನ್ನೂ ಎರಡು ವಾರ ಇದೆ. ಬೀಜ, ಗೊಬ್ಬರ ನೋಡಿಟ್ಟುಕೊಂಡು, ದನಕ್ಕೆ ಮುಯ್ಯಿ ಗಟ್ಟಿ ಮಾಡಿಕೊಂಡು, ಹೋಗಿ ಬರ್ರಿ. ಬಸ್ ನಿಲ್ದಾಣದಲ್ಲಿ ನಾನು ಸಿಕ್ಕರೆ "ಏನ್ ಕೆಲಸ?" ಅಂತ ಕೇಳೋದಿಲ್ಲ.